ಹೂಂ ಎಂದ ಹವಾಲ್ದಾರರು

ಎದುರು ಮನೆಯ ಹವಾಲ್ದಾರರ ಬಲಹೆಗಲಿನ ಎಲುಬಿನ ಮೇಲೆ ಒಂದು ಜಡ್ಡು ಕಟ್ಟಿತ್ತು. ನೊಗ ಹೊತ್ತ ಎತ್ತಿನ ಹೆಗಲ ಮೇಲೆ ಕಟ್ಟುತ್ತದಲ್ಲ, ಹಾಗೆಯೇ ಕಪ್ಪಗೆ, ದಪ್ಪಗೆ, ಮುಟ್ಟಿದರೆ ನುಣ್ಣಗಿದ್ದೀತು ಅನ್ನಿಸುವಂತೆ. ಬೇಸಿಗೆಯಲ್ಲಿ ಬನಿಯನ್ ಹಾಕಿಕೊಂಡು ಕಟ್ಟೆಯ ಮೇಲೆ ಕೂತಾಗ ಅದು ಕಾಣುತ್ತಿತ್ತು. ಪರಗಂಡಸರ ಕಡೆ ಕಣ್ಣೆತ್ತಿ ನೋಡುವ ರೂಢಿ ನನಗಿಲ್ಲ. ಆದರೆ ಅಂಗಳದಲ್ಲಿ ಕಾಳು ಹಸನು ಮಾಡುತ್ತ ಕೂತರೆ ಎದುರಿಗೇ ಅವರ ಕಟ್ಟೆ. ಒಮ್ಮೆ ಅವರು ರಜೆಯ ಮೇಲೆ ಬಂದಿದ್ದಾಗ ನಿಮ್ಮವ್ವ, ಆಗಿನ್ನೂ ಶಾಲೆಗೆ ಹೋಗುತ್ತಿದ್ದ ಹುಡುಗಿ, ನೇರವಾಗಿ ಕೇಳಿಯೇಬಿಟ್ಟಳು.

“ಕಾಕಾ, ಮಿಲಿಟ್ರಿಯಾಗ ನಿಮ್ಮನ್ನ ರಂಟೀಗಿ ಹೂಡ್ತಾರೇನ್ರಿ?”

“ಹೂನವ್ವಾ. ಆ ಗುಡ್ಡದ ಮ್ಯಾಲ ಎತ್ತು ಏರಾಂಗಿಲ್ಲ, ಅದಕ್ಕ ನನ್ನ ಹೂಡ್ಯಾರ,” ಎಂದು ನಕ್ಕರು.

ನಕ್ಕ ಮೇಲೆ ಹೇಳಿದರು. ಉತ್ತರದ ಹಿಮದ ಗುಡ್ಡಗಳಲ್ಲಿ ಅವರು ಹೊರುತ್ತಿದ್ದುದು ಹೆಗಲ ಮೇಲಿಟ್ಟು ಹಾರಿಸುವ ಕ್ಷಿಪಣಿ. ನೋಡಲು ಒಂದು ದಪ್ಪ ಕೊಳವೆ, ಆಳಿನಷ್ಟು ಉದ್ದ. ಒಬ್ಬನೇ ಮನುಷ್ಯ ಅದನ್ನು ಹೊತ್ತು ನಡೆಯಬಹುದು, ಒಬ್ಬನೇ ನಿಂತು ಹಾರಿಸಬಹುದು. ಅದು ವಿಮಾನದ ಎಂಜಿನ್ನಿನ ಬಿಸಿಯನ್ನು ಹುಡುಕಿಕೊಂಡು ಹೋಗಿ ಬಡಿಯುತ್ತದೆ. ಅಷ್ಟು ವರ್ಷ ಹೊತ್ತರೂ ಶತ್ರುವಿನ ವಿಮಾನ ಒಂದೂ ಅವರ ಕಡೆ ಬರಲಿಲ್ಲ. “ಬರಲಿಲ್ಲ, ಛಲೋ ಆತು,” ಎನ್ನುತ್ತಿದ್ದರು.

ಮಕ್ಕಳೇ, ಈ ಹವಾಲ್ದಾರರ ಬಗ್ಗೆ ನಿಮ್ಮ ಮನೆಯಲ್ಲಿ ನೀವು ಒಂದೂ ಒಳ್ಳೆಯ ಮಾತು ಕೇಳಿರಲಿಕ್ಕಿಲ್ಲ. ಬೇಸಿಗೆಯ ರಜೆಗೆ ನನ್ನ ಊರಿಗೆ ಕಳಿಸುವಾಗ ನಿಮ್ಮಪ್ಪ ಹೇಳುವ ಮಾತು ನನಗೆ ಗೊತ್ತು: “ಅಜ್ಜಿ ಮನ್ಯಾಗ ಆಡ್ರಿ, ಎದುರು ಮನೀಗೆ ಮಾತ್ರ ಕಾಲಿಡಬ್ಯಾಡ್ರಿ.” ಅಳಿಯನ ಎದುರು ನಿಂತು ವಾದಿಸುವ ಗಟ್ಟಿತನ ನನಗಿಲ್ಲ. ಅವನು ಬಂದರೆ ಚಹಾದ ಕಪ್ಪನ್ನು ಮಗಳ ಕೈಯಲ್ಲಿ ಕೊಟ್ಟು ಒಳಗೆ ನಿಲ್ಲುವವಳು ನಾನು. ಏಳನೆಯ ಇಯತ್ತೆಯ ತನಕ ಕಲಿತ ಅಕ್ಷರ ಇದೆ, ಅದರಿಂದ ಬರೆಯುತ್ತೇನೆ. ನಿಮ್ಮಪ್ಪನನ್ನು ಮನೆಗೆ ಕರೆತಂದವರು ಯಾರು ಎಂಬುದು ನಿಮಗೆ ಗೊತ್ತಿರಬೇಕು.

ನಮ್ಮ ಊರು ನಿಮಗೆ ಗೊತ್ತೇ ಇದೆ. ಮನೋಳಿ ದಾಟಿ, ಮಲಪ್ರಭೆಯ ದಂಡೆಗೆ. ಹವಾಲ್ದಾರರ ಹಿರಿಯರ ಮನೆ ಕೆಳಗಿನ ಓಣಿಯಲ್ಲಿತ್ತು. ನೌಕರಿಯಲ್ಲಿದ್ದಾಗಲೇ ಅವರು ನಮ್ಮ ಎದುರಿನ ಜಾಗ ಕೊಂಡು ಮನೆ ಕಟ್ಟಿಸಿದರು. ಒಳಗೆ ಪಡಸಾಲೆಯಲ್ಲಿ ಬುದ್ಧನ ಪಟ. ನಮ್ಮ ಅತ್ತೆಗೆ ಅದು ಸರಿಬರಲಿಲ್ಲ. ಎದುರಿನ ಬಾಗಿಲಿಗೆ ಬೆನ್ನು ಮಾಡಿ ಕೂತು ರೊಟ್ಟಿ ಬಡಿಯುತ್ತಿದ್ದಳು. ಹವಾಲ್ದಾರರು ಬೇಕೆಂದೇ ದೊಡ್ಡ ದನಿಯಲ್ಲಿ, “ಅಮ್ಮಾರ, ಅರಾಮದೀರಿ?” ಎಂದು ದಿನಾ ಕೇಳುವರು. ಅವಳು ದಿನಾ ಸುಮ್ಮನಿರುವಳು. ಕಡೆಗೆ ಒಂದು ದಿನ ಬೇಸತ್ತು, “ಅರಾಮಿಲ್ಲಂದ್ರ ನೀ ಏನ್ ಮಾಡಾಂವ ಅದಿ?” ಎಂದಳು. “ಬೈಲಹೊಂಗಲ ದವಾಖಾನಿಗೆ ಒಯ್ಯಾಂವ ಅದೇನ್ರಿ,” ಎಂದರು. ಮುಂದೆ ಅವಳ ಸೊಂಟ ಮುರಿದಾಗ ಜೀಪು ತಂದು ಒಯ್ದವರೂ ಅವರೇ.

ಸೈನ್ಯದಿಂದ ನಿವೃತ್ತರಾದ ಮೇಲೆ ಅವರಿಗೆ ವಿಮಾನ ನಿಲ್ದಾಣವೊಂದರಲ್ಲಿ ಕಾವಲು ಕೆಲಸ ಸಿಕ್ಕಿತು. ಅದು ನಿಮ್ಮೂರಿನ ಬದಿಯ ನಿಲ್ದಾಣ. ಅಷ್ಟರಲ್ಲಿ ನಿಮ್ಮವ್ವನನ್ನು ಆ ಊರಿಗೆ ಕೊಟ್ಟಾಗಿತ್ತು, ನಿಮ್ಮಜ್ಜ ತೀರಿಕೊಂಡಾಗಿತ್ತು. ಗಂಡುದಿಕ್ಕಿಲ್ಲದ ಮನೆಯವಳು ನಾನು. ಮಗಳಿಗೆ ಶೇಂಗಾ ಹೋಳಿಗೆಯೋ ಗುರೆಳ್ಳು ಚಟ್ನಿಯೋ ಕಳಿಸಬೇಕೆಂದರೆ ಹವಾಲ್ದಾರರ ಹೆಂಡತಿಯ ಕೈಯಲ್ಲಿ ಡಬ್ಬಿ ಕೊಡುತ್ತಿದ್ದೆ. ಅವರು ರಜೆಗೆ ಬಂದು ಮರಳುವಾಗ ಅದನ್ನು ಒಯ್ದು ಮುಟ್ಟಿಸುತ್ತಿದ್ದರು. ತಿರುಗಿ ಬರುವಾಗ ಡಬ್ಬಿಯ ಜೊತೆ ಸುದ್ದಿ ತರುತ್ತಿದ್ದರು. ಮಗಳು ಸೊರಗಿದ್ದಾಳೋ ಇಲ್ಲವೋ, ಅಳಿಯ ಹೊಸ ಬೋರು ಹಾಕಿಸಿದನೋ ಇಲ್ಲವೋ. ಸುದ್ದಿ ಹೇಳುವುದೂ ಹೆಂಡತಿಗೇ, ನನಗೆ ಕೇಳುವಷ್ಟು ಜೋರಾಗಿ. ನನ್ನ ನಾಚಿಕೆಯನ್ನು ಅವರು ಹಾಗೆ ಕಾಯ್ದರು.

ನಿಮ್ಮಲ್ಲಿ ಹಿರಿಯವನು ಹುಟ್ಟಿದ ಮೇಲೆ ನಾನು ಕೆಲವು ದಿನ ನಿಮ್ಮೂರಿನಲ್ಲಿದ್ದೆ. ಆಗ ಅವರ ಕೆಲಸ ಕಣ್ಣಾರೆ ಕಂಡೆ. ನಿಲ್ದಾಣದ ಬೇಲಿಯ ಒಳಗೆ ಕಾಯುವವರು ಬೇರೆ. ಹವಾಲ್ದಾರರದು ಬೇಲಿಯ ಹೊರಗಿನ ಕೆಲಸ. ಇಳಿಯುವ ವಿಮಾನ ನಿಮ್ಮೂರಿನ ಹೊಲಗಳ ಮೇಲೆ ತೀರ ಕೆಳಗೆ ಬರುತ್ತದಲ್ಲ, ಆ ಹೊಲಗಳಲ್ಲಿ ಅವರು ತಿರುಗುತ್ತಿದ್ದರು. ವಿಮಾನದ ಸಪ್ಪಳ ಬಂದರೆ ಎಲ್ಲರೂ ಮುಖ ಮೇಲೆತ್ತುತ್ತೇವೆ. ಅವರು ಎತ್ತುತ್ತಿರಲಿಲ್ಲ. ಅವರ ಕಣ್ಣು ನೆಲದ ಮೇಲೆಯೇ, ಬದುವಿನ ಗುಂಟ, ಪಂಪಿನ ಶೆಡ್ಡಿನ ಹಿಂದೆ, ಕಬ್ಬಿನ ಸಾಲಿನ ತುದಿಗೆ ಓಡುತ್ತಿತ್ತು, ತಾವು ಹೊತ್ತಂಥ ಕೊಳವೆ ಹಿಡಿದವನು ಅಡಗಿದ್ದಾನೋ ಎಂದು.

“ಹೊಡ್ಯಾಂವ ಎಲ್ಲಿ ನಿಂದರತಾನೋ, ಅಲ್ಲಿ ನಾ ಮೊದಲ ಹೋಗಿ ನಿಂದರಬೇಕು,” ಎನ್ನುತ್ತಿದ್ದರು. ಯುದ್ಧದ ವಿಮಾನಕ್ಕೆ ಕ್ಷಿಪಣಿಯ ದಾರಿ ತಪ್ಪಿಸುವ ಉಪಾಯಗಳಿವೆಯಂತೆ, ಉರಿಯುವ ಕಿಡಿಗಳನ್ನು ಚೆಲ್ಲಿ ಪಾರಾಗುತ್ತವೆಯಂತೆ. ಮಂದಿ ಕೂತ ವಿಮಾನಕ್ಕೆ ಅದೇನೂ ಇರುವುದಿಲ್ಲ. “ಅದೊಂದು ಹಾರೂ ಓಣಿ. ಒಳಗ ಕೂಸು, ಮುದುಕರು, ಲಗ್ನಕ್ಕ ಹೊಂಟಾವ್ರು. ಅದಕ್ಕ ಕಣ್ಣಿಲ್ಲ, ಕಿವಿಯಿಲ್ಲ. ನಾವ ಅದರ ಕಣ್ಣು,” ಎಂದು ನಿಮ್ಮವ್ವನಿಗೆ ತಿಳಿಸಿ ಹೇಳಿದ್ದರು.

ಆದರೆ ಇಬ್ಬರು ಮೂವರು ಕಾವಲುಗಾರರ ಕಣ್ಣಿಗೆ ಅಷ್ಟು ಹೊಲ ಎಲ್ಲಿ ನಿಲುಕೀತು? ಊರಿನ ಮಂದಿಯೇ ನೋಡಬೇಕು, ನೋಡಿದ್ದನ್ನು ಬಂದು ಹೇಳಬೇಕು. ಅದಕ್ಕಾಗಿ ಅವರು ಮನೆಮನೆಯ ಕಟ್ಟೆಯ ಮೇಲೆ ಕೂತು ಚಹಾ ಕುಡಿದರು. ಯಾರ ಹೊಲಕ್ಕೆ ಹೊಸ ಆಳು ಬಂದ, ಯಾರ ಶೆಡ್ಡು ಯಾರು ಬಾಡಿಗೆಗೆ ಹಿಡಿದರು, ಎಲ್ಲವೂ ಅವರಿಗೆ ಗೊತ್ತು. ಕಳೆ ತೆಗೆಯುವ ಹೆಂಗಸರು ಅವರನ್ನು ಕಾಡಿಸುವರು.

“ಹವಾಲ್ದಾರ್ರ, ದಿನಾ ಇಮಾನಾ ಕಾಯ್ತೀರಿ, ನಮ್ಮ ಎಮ್ಮೀನೂ ಒಂದೀಟು ಕಾಯ್ರಲಾ!”

“ಮೊದಲ ಹಾರಾಕ ಕಲಿಸ್ರಿ, ಆಮ್ಯಾಲ ಕಾಯತೇನಿ.”

“ನಿಮ್ಮ ಪಗಾರದಾಗ ಅರ್ಧಾ ನಮಗ ಕೊಡ್ರಿ ಮತ್ತ. ಖರೇ ಕಾಯಾವ್ರು ನಾವು!”

“ಅದೂ ಖರೇ ಐತಿ ಬಿಡ್ರಿ,” ಎಂದು ನಗುತ್ತ ಮುಂದೆ ನಡೆಯುವರು.

ಈಗ ಒಂದು ಪೈಪಿನ ಮಾತು. ಜೋಳ ಹಾಲುಗಾಳಾದಾಗ ಹಕ್ಕಿಯ ಹಿಂಡು ಬೀಳುತ್ತದೆ. ಮೊದಲೆಲ್ಲ ಅಟ್ಟಣಿಗೆ ಏರಿ ಕವಣೆ ಬೀಸುತ್ತಿದ್ದರು. ಈಗ ಆಳು ಸಿಗುವುದಿಲ್ಲ. ಅದಕ್ಕೆ ಸುತ್ತಿನ ಊರುಗಳಲ್ಲೆಲ್ಲ ನೀರಿನ ಪೈಪಿನಿಂದ ಒಂದು ಬಂದೂಕು ಮಾಡಿಕೊಂಡಿದ್ದರು. ಗುಂಡು ಇರುವುದಿಲ್ಲ. ಢಂ ಎಂದು ಸಪ್ಪಳ, ಬಾಯಲ್ಲಿ ಒಂದು ಕ್ಷಣ ಬೆಂಕಿ, ಅಷ್ಟೇ. ಹಕ್ಕಿ ಏಳುತ್ತವೆ. ನಿಲ್ದಾಣದವರು ಬೋರ್ಡು ಹಾಕಿದ್ದರು: ಪಟಾಕಿ ಹಾರಿಸಬಾರದು, ಗಾಳಿಪಟ ಬಿಡಬಾರದು ಎಂದು. ಪೈಪಿನ ಬಂದೂಕಿನ ಹೆಸರು ಅದರಲ್ಲಿ ಇರಲಿಲ್ಲ. ಆದರೂ ಅದು ಕೂಡದು ಎಂಬುದು ಹವಾಲ್ದಾರರಿಗೆ ಗೊತ್ತಿತ್ತು. ಮೇಲಿನವರಿಗೆ ತಿಳಿಸಿದರೆ ಪೊಲೀಸರು ಮನೆಮನೆ ಹೊಕ್ಕು ಪೈಪು ಎಳೆದೊಯ್ಯುತ್ತಾರೆ. ಆಮೇಲೆ ಆ ಊರಿನ ಒಬ್ಬರೂ ಅವರೊಡನೆ ಬಾಯಿ ಬಿಡುವುದಿಲ್ಲ. ಅಷ್ಟೂ ಕಣ್ಣು ಒಮ್ಮೆಗೇ ಮುಚ್ಚಿಹೋಗುತ್ತವೆ.

ರೈತರು ಸೇರಿ ಅವರ ಬಳಿ ಬಂದರು. ನಿಮ್ಮಪ್ಪನೂ ಇದ್ದ. ಹವಾಲ್ದಾರರು ಹೂಂ ಎಂದರು. ಮುಂಜಾನೆ ಮೊದಲ ವಿಮಾನ ಬರುವುದಕ್ಕೆ ಮುಂಚೆ ಮಾತ್ರ. ಪೈಪು ಬದುವಿನಲ್ಲಿ ಊರಿ, ಬಾಯಿ ಬೆಳೆಯ ಕಡೆಗೇ ಇರಬೇಕು. ಹೆಗಲ ಮೇಲೆ ಎಂದೂ ಎತ್ತಬಾರದು. “ಹೆಗಲಿಗೇರಿಸಿದ್ರ ಮ್ಯಾಲಿಂದ ನೋಡಾವ್ಗ ನೀವು ರೈತರಲ್ಲ, ತಿಳೀತಿಲ್ಲೋ?” ಎಂದರು. ಎಲ್ಲರೂ ತಲೆಯಾಡಿಸಿದರು. ಅದು ಬಾಯಿಮಾತಿನ ಒಪ್ಪಂದ. ಎರಡು ಹಂಗಾಮು ಹಾಗೆಯೇ ನಡೆಯಿತು.

ಆ ವರ್ಷ ಅಕಾಲದ ಮಳೆ ಬಂತು. ಬದು ನೆನೆದು ಕೆಸರಾಗಿತ್ತು, ಊರಿದ ಪೈಪು ನಿಲ್ಲುತ್ತಿರಲಿಲ್ಲ. ಇಳಿಹೊತ್ತಿನಲ್ಲಿ ನಿಮ್ಮಪ್ಪನ ಹೊಲಕ್ಕೆ ಗಿಳಿಗಳ ದೊಡ್ಡ ಹಿಂಡು ಬಿತ್ತು. ಆ ಹೊತ್ತಿನ ವಿಮಾನ ಆಗಲೇ ಇಳಿದು ಹೋಗಿರಬೇಕು ಎಂದುಕೊಂಡ ಅವನು, ಪೈಪನ್ನು ಹೆಗಲಿಗೇರಿಸಿ ಹೊಡೆದ. ವಿಮಾನ ಇಳಿದಿರಲಿಲ್ಲ. ಅಂದು ತಡವಾಗಿತ್ತು. ಜೋಳದ ನಡುವೆ ಮನುಷ್ಯ, ಹೆಗಲ ಮೇಲೆ ಕೊಳವೆ, ಕೊಳವೆಯ ಬಾಯಲ್ಲಿ ಬೆಂಕಿ. ವಿಮಾನ ನಡೆಸುವವನು ಅದನ್ನು ಕಂಡ. ಇಳಿಯುತ್ತಿದ್ದ ವಿಮಾನ ಮೂತಿ ಎತ್ತಿ ಗರ್ಜಿಸುತ್ತ ಮೇಲೇರಿ ಹೋಯಿತು.

ಹವಾಲ್ದಾರರು ಬೇಲಿಯ ಇನ್ನೊಂದು ತುದಿಯಲ್ಲಿದ್ದರು. ಸಪ್ಪಳ ಕೇಳಿದೊಡನೆ ಇದು ಪೈಪು ಎಂದು ಅವರ ಮನಸ್ಸು ಹೇಳಿತಂತೆ. ಯಾರ ಹೊಲ ಎಂಬುದೂ ಹೊಳೆಯಿತಂತೆ. ಅಷ್ಟರಲ್ಲಿ ವಾಕಿಟಾಕಿಯಲ್ಲಿ ನಿಲ್ದಾಣದವರು ಅವರನ್ನು ಕೇಳಿದರು, ಯಾವ ಹೊಲ ಎಂದು. ಅವರು ಹೇಳಿದರು. ಮನಸ್ಸಿನ ಮಾತು ನಂಬಿ ಸುಮ್ಮನಿರುವಂತಿರಲಿಲ್ಲ. ಮೇಲೆ ಆ ಹಾರುವ ಓಣಿ ಸುತ್ತು ಹಾಕುತ್ತಿತ್ತು, ಅದರ ಹಿಂದೆ ಇನ್ನೊಂದು ಬರುತ್ತಿತ್ತು. ನಿಲ್ದಾಣದ ಬಂದೂಕಿನ ಕಾವಲಿನವರು ಓಡಿಹೋಗಿ ನಿಮ್ಮಪ್ಪನನ್ನು ಕೆಸರಿನಲ್ಲಿ ಬೋರಲು ಕೆಡವಿ ಕೈ ಕಟ್ಟಿ ಒಯ್ದರು.

ಮರುದಿನ ಟಿ.ವಿ.ಯಲ್ಲಿ ಆ ಪೈಪು ತೋರಿಸಿದ್ದೇ ತೋರಿಸಿದ್ದು. ನಿಮ್ಮಪ್ಪನ ಮುಖಕ್ಕೆ ಕರಿಬಟ್ಟೆ ಮುಚ್ಚಿದ್ದರು, ಆದರೂ ಅವನು ಹಾಕಿಕೊಂಡಿದ್ದ ಅಂಗಿ ನಾನೇ ದೀಪಾವಳಿಗೆ ಕೊಡಿಸಿದ್ದು. ಪೊಲೀಸರು ಊರಿನಲ್ಲಿ ವಿಚಾರಿಸಿದಾಗ ಒಬ್ಬೊಬ್ಬರೂ, “ಪೈಪಾ? ನಾವು ನೋಡೇ ಇಲ್ರಿ,” ಎಂದರು. ರಾತ್ರೋರಾತ್ರಿ ಎಲ್ಲರ ಪೈಪು ಬಾವಿ ಸೇರಿದ್ದವು. ಅಂಜಿಕೆ, ಏನು ಮಾಡುತ್ತೀರಿ. ಹೀಗಾಗಿ, ಇಡೀ ಊರಿನಲ್ಲಿ ಒಬ್ಬನೇ ಒಬ್ಬ ಗುಟ್ಟಾಗಿ ಕೊಳವೆ ಮಾಡಿ ವಿಮಾನದ ಕಡೆ ಹಿಡಿದ ಎಂದಾಯಿತು. ಅದಕ್ಕೆ ಹಾಕುವ ಕಾಯಿದೆ ಬೇರೆ, ಜಾಮೀನಿಲ್ಲ, ವರ್ಷಗಟ್ಟಲೆ ಒಳಗೇ. ನಿಮ್ಮವ್ವ ನಿಮ್ಮಿಬ್ಬರನ್ನೂ ಕರೆದುಕೊಂಡು ನನ್ನ ಬಳಿ ಬಂದಳು. ನೀನು, ಸಣ್ಣವಳೇ, ಆಗ ಇನ್ನೂ ಎದೆಹಾಲು ಕುಡಿಯುವ ಕೂಸು. ನಿಮ್ಮವ್ವನಿಗೆ ಹಾಲು ನಿಂತುಹೋಗಿತ್ತು.

ಕೆಲವು ದಿನಕ್ಕೆ ಹವಾಲ್ದಾರರೂ ಊರಿಗೆ ಬಂದರು. ಕೆಳಗೆ ನೋಡುತ್ತ ಒಳಗೆ ಹೋದರು. ನಾನು ಅಂಗಳದಲ್ಲಿದ್ದೆ. ಕೇಳಬೇಕು ಎಂದರೆ ಬಾಯಿ ಬರಲೊಲ್ಲದು. ಎದುರಿನ ಬಾಗಿಲು ತೆರೆದೇ ಇತ್ತು, ಗಂಡ ಹೆಂಡಿರ ಮಾತು ಕೇಳುತ್ತಿತ್ತು.

“ನೀವು ಹೂಂ ಅಂದದ್ದು ಯಾರಿಗೂ ಗೊತ್ತಿಲ್ಲ. ಊರಾವ್ರ ಬಾಯಿ ಮುಚ್ಚ್ಯಾರ. ನಿಮಗ್ಯಾಕ ಬೇಕದು?” ಎಂದರು ಹೆಂಡತಿ.

“ಆ ಹುಡುಗ ಒಳಗ ಕುಂತಾನ.”

“ಅವನ ಸ್ವಂತ ಕಾಕಾಗಳ ಸುಮ್ಮನದಾರ. ನೀವ್ಯಾರು ಅವಗ? ಬೀಗರಾ? ಬಂಧುಗಳಾ? ನಾಳೆ ಅವನ ಮನಿಗೆ ಹ್ವಾದ್ರ ನಿಮ್ಮನ್ನ ಹೊರಗ ಕುಂದ್ರಸ್ತಾರ. ಯಾರು ನೀವು?”

“ಹೂಂ ಅಂದಾಂವ,” ಎಂದರು ಹವಾಲ್ದಾರರು.

ಹೆಂಡತಿ ಅತ್ತರು, ಬೈದರು. ಪಾತ್ರೆ ಬಿದ್ದ ಸಪ್ಪಳವಾಯಿತು. ಸ್ವಲ್ಪ ಹೊತ್ತಿಗೆ ಹವಾಲ್ದಾರರು ಹೊರಗೆ ಬಂದು ನಮ್ಮ ಅಂಗಳದ ಅಂಚಿಗೆ ನಿಂತರು. ಹಿಂದೆ ಎಂದೂ ನನ್ನೊಡನೆ ನೇರ ಮಾತಾಡಿದವರಲ್ಲ.

“ತಂಗೆವ್ವಾ, ಮಗಳಿಗೆ ಹೇಳು. ನಾ ನಾಳೆ ಹೋಗಿ ಸಾಹೇಬ್ರ ಮುಂದ ಎಲ್ಲಾ ಹೇಳತೇನಿ. ಪೈಪು ಎಲ್ಲಾರ ಮನ್ಯಾಗೂ ಇದ್ದುವು. ಅಪ್ಪಣಿ ಕೊಟ್ಟಾಂವ ನಾ.”

ನಾನು ಕೈ ಮುಗಿದೆ. ಅವರು ಕೈ ಮುಗಿಯಬೇಡ ಎನ್ನುವಂತೆ ಕೈಯಾಡಿಸಿ ಹೋದರು.

ಅವರು ಹೇಳಿದರು. ಮೊದಲು ಯಾರೂ ನಂಬಲಿಲ್ಲವಂತೆ. ಪರಿಚಯದ ಹುಡುಗನನ್ನು ಬಿಡಿಸಲು ಕಥೆ ಕಟ್ಟುತ್ತಿದ್ದಾನೆ ಎಂದರು. ಆಗ ಅವರು ಯಾರ ಪೈಪು ಯಾವ ಬಾವಿಯಲ್ಲಿ ಸಿಕ್ಕೀತು ಎಂಬುದನ್ನೂ ಹೇಳಬೇಕಾಯಿತು. ಪೊಲೀಸರು ಹೋಗಿ ತೆಗೆಸಿದರು. ಊರಿಗೆ ಊರೇ ಅವರ ಮೇಲೆ ಉಗುಳಿತು. ಅಷ್ಟು ವರ್ಷ ಚಹಾ ಕೊಟ್ಟ ಕಟ್ಟೆಗಳು ಒಂದೂ ಉಳಿಯಲಿಲ್ಲ. ಮೇಲಿನವರು ಅವರನ್ನು ಕೆಲಸದಿಂದ ತೆಗೆದರು. ವಿಮಾನದ ದಾರಿಯಲ್ಲಿ ಬೆಂಕಿ ಹಾರಿಸಲು ಅಪ್ಪಣೆ ಕೊಟ್ಟ ಕಾವಲುಗಾರ ಎಂದು ಬರೆದು ತೆಗೆದರು. ಅದು ಸುಳ್ಳಲ್ಲ ಎಂದು ಅವರೇ ಹೇಳುತ್ತಿದ್ದರು. ನಿಮ್ಮಪ್ಪನ ಮೇಲಿನ ದೊಡ್ಡ ಕೇಸು ಬಿದ್ದುಹೋಯಿತು, ಸಣ್ಣದೊಂದು ಉಳಿಯಿತು. ಜಾಮೀನು ಸಿಕ್ಕಿತು. ಹವಾಲ್ದಾರರ ಆ ಮಾತಿಲ್ಲದಿದ್ದರೆ ಏನೂ ಮಾಡಲಾಗುತ್ತಿರಲಿಲ್ಲ ಎಂದು ವಕೀಲರು ನಿಮ್ಮವ್ವನಿಗೆ ಹೇಳಿದ್ದರು. ಅವಳಿಗೆ ಗೊತ್ತು. ಆದರೆ ಅವಳು ಆ ಊರಿನಲ್ಲಿ, ಆ ಜನರ ನಡುವೆ ಬಾಳಬೇಕಾದವಳು. ಗಂಡನ ಮುಂದೆ ಬಾಯಿ ಬಿಡಲಿಲ್ಲ, ಅವನ ಕಿವಿಗೆ ಬಿದ್ದದ್ದು ಹವಾಲ್ದಾರ ಊರನ್ನೂ ಹಿಡಿಸಿಕೊಟ್ಟ ಎಂಬ ಊರಿನವರ ಮಾತಷ್ಟೇ.

ನಿಮ್ಮಪ್ಪ ಕೆಟ್ಟವನಲ್ಲ. ಒಳಗೆ ಏನೇನು ಮಾಡಿದರೋ, ಹೊರಗೆ ಬಂದ ಮೇಲೆ ಬಹಳ ದಿನ ಅವನ ಎಡಗೈ ಮೇಲೇಳುತ್ತಿರಲಿಲ್ಲ. ನಿಮ್ಮನ್ನು ಕರೆದೊಯ್ಯಲು ನಮ್ಮೂರಿಗೆ ಬಂದ ದಿನ, ಅವನನ್ನು ಕಂಡು ಹವಾಲ್ದಾರರು ಕಟ್ಟೆಯಿಂದ ಎದ್ದು ನಿಂತರು. “ಬಂದ್ರೀ ಅಳಿಯಂದ್ರ?” ಎಂದರು. ನಿಮ್ಮಪ್ಪ ನಡುದಾರಿಯಲ್ಲಿ ನಿಂತ.

“ಹೂಂ ಅಂದಾಂವನೂ ನೀ, ಹೊಲ ತೋರಿಸಿ ಹಿಡಿಸಿದಾಂವನೂ ನೀ,” ಎಂದ.

ತಂದೆಯ ವಯಸ್ಸಿನವರಿಗೆ ನೀ ಎಂದ. ಓಣಿಯವರು ಬಾಗಿಲಿಗೆ ಬಂದು ನೋಡಿದರು. ಹವಾಲ್ದಾರರು ಎರಡು ಕೈಯನ್ನೂ ಮೈಗೆ ಹಚ್ಚಿಕೊಂಡು ನಿಂತೇ ಇದ್ದರು, ದೊಡ್ಡ ಸಾಹೇಬರ ಮುಂದೆ ನಿಂತ ಹಾಗೆ. ನಿಮ್ಮಪ್ಪ ಒಳಗೆ ಬಂದ ಮೇಲೆಯೇ ಕೂತರು.

ನೀವು ಹೋದ ಮೇಲೆ ನಾನು ಒಂದು ತಂಬಿಗೆ ಮಜ್ಜಿಗೆ ಹಿಡಿದು ಎದುರು ಮನೆಗೆ ಹೋದೆ. ಅತ್ತೆ ಇದ್ದಿದ್ದರೆ ಹೋಗಲು ಬಿಡುತ್ತಿರಲಿಲ್ಲ. ಅವರ ಹೆಂಡತಿ ಮುಖ ತಿರುಗಿಸಿದರು. ನಾನು ಹೊಸ್ತಿಲ ಒಳಗೆ ಗೋಡೆಗೆ ಬೆನ್ನು ಆನಿಸಿ ಕೂತೆ.

“ಅಣ್ಣಾರ, ಮನಸಿಗೆ ಹಚ್ಚಿಗೋಬ್ಯಾಡ್ರಿ,” ಎಂದೆ. ಮನಸ್ಸಿನಲ್ಲಿ ಹೇಳಿಕೊಂಡು ಹೋಗಿದ್ದ ಮಾತು ಅದೊಂದೇ.

“ಅಂವ ಅಂದಿದ್ದು ಎರಡೂ ಖರೇ ಐತೆವ್ವಾ. ಮೂರನೇದ್ದು ಅವಗ ಗೊತ್ತಿಲ್ಲ, ಅಷ್ಟ.”

“ನಾ ಹೇಳ್ಲ್ಯಾ?”

“ಬ್ಯಾಡ. ನೀ ಹೇಳಿದ್ರ ನಿನ್ನ ಮಗಳ ಮನ್ಯಾಗ ನನ್ನ ಹೆಸರಿಂದ ದಿನಾ ಜಗಳ ಹತ್ತೂದು. ಅವಗ ಯಾರದರ ಮ್ಯಾಲ ಸಿಟ್ಟು ಬೇಕು. ಆ ಊರಾಗ ಅಂವ ಬಾಳ್ವಿ ಮಾಡಬೇಕು, ಅವ್ರ ಮ್ಯಾಲ ಸಿಟ್ಟು ಮಾಡಾಕ ಬರೂದಿಲ್ಲ. ನನ್ನ ಮ್ಯಾಲ ಇರ್ಲಿ. ಹುಡುಗರು ದೊಡ್ಡಾವ್ರಾಗ್ಲಿ, ಆಮ್ಯಾಲ ನೋಡೂಣು.”

“ಎಲ್ಲಾ ಇವರ ಮ್ಯಾಲ ಇರ್ಲಿ,” ಎಂದು ಹೆಂಡತಿ ಒಳಗಿನಿಂದ ಕುಟುಕಿದರು. “ದೇಶಾ ಇವರ ಮ್ಯಾಲ, ಇಮಾನಾ ಇವರ ಮ್ಯಾಲ, ಈಗ ಮಂದಿ ಅಳಿಯನ ಸಿಟ್ಟೂ ಇವರ ಮ್ಯಾಲ.” ಆದರೂ ಮಜ್ಜಿಗೆಯ ತಂಬಿಗೆಯನ್ನು ತೊಳೆದು ಕೊಟ್ಟರು.

ಮುಂದೆ ಅವರು ಬಹಳ ದಿನ ಬಾಳಲಿಲ್ಲ. ಧ್ವಜ ಏರಿಸುವ ದಿನ ನಮ್ಮೂರ ಶಾಲೆಯವರು ಪ್ರತಿ ವರ್ಷ ಅವರನ್ನು ಕರೆಯುತ್ತಿದ್ದರು. ಆ ವರ್ಷ ಬೇರೆಯವರನ್ನು ಕರೆದರು. ಅವರು ಇಸ್ತ್ರಿ ಮಾಡಿಸಿಟ್ಟ ಅಂಗಿ ಹಾಕಿಕೊಳ್ಳದೆ, ಅಂಗಳದಲ್ಲಿ ಕೂತು ಹೆಂಡತಿಯ ಜೊತೆ ತೊಗರಿ ಬಿಡಿಸುತ್ತಿದ್ದರು. ಯಾರೊಡನೆಯೂ ಮಾತು ಕಡಿಮೆಯಾಯಿತು. ಬೇಸಿಗೆ ಕಾಲಿಡುವ ಹೊತ್ತಿಗೆ ಎದೆನೋವು ಎಂದರು. ಸವದತ್ತಿಯ ದವಾಖಾನೆಗೆ ಒಯ್ಯುವ ದಾರಿಯಲ್ಲೇ ಹೋದರು. ಕೆಳಗಿನ ಓಣಿಯ ಮಂದಿ ಬಂದು ಅವರ ಪದ್ಧತಿಯಂತೆ ಬುದ್ಧವಂದನೆ ಹೇಳಿ ಮಣ್ಣು ಮಾಡಿದರು. ನಿಮ್ಮವ್ವ ಫೋನಿನಲ್ಲಿ ಅತ್ತಳು. ಬರಲು ನಿಮ್ಮಪ್ಪ ಬಿಡಲಿಲ್ಲ. ನಾನು ಹೋಗಿ ಅವರ ಹೆಂಡತಿಯ ಬದಿಗೆ ಕೂತೆ.

ನೀವಿಬ್ಬರೂ ಈಗ ಓದಿ ತಿಳಿಯುವಷ್ಟು ದೊಡ್ಡವರಾಗಿದ್ದೀರಿ. ನಿಮ್ಮಪ್ಪನಿಗೆ ಇದನ್ನು ತೋರಿಸಿ ಎಂದು ನಾನು ಹೇಳುವುದಿಲ್ಲ, ಮುಚ್ಚಿಡಿ ಎಂದೂ ಹೇಳುವುದಿಲ್ಲ. ಅದು ನಿಮಗೆ ಬಿಟ್ಟದ್ದು. ನಾನು ಕೇಳುವುದು ಇಷ್ಟೇ. ಈ ಸಲ ರಜೆಗೆ ಬಂದಾಗ ಎದುರು ಮನೆಗೆ ಹೋಗಿ. ಆ ಅಜ್ಜಿ ಒಬ್ಬರೇ ಇದ್ದಾರೆ, ಕಣ್ಣು ಸರಿಯಾಗಿ ಕಾಣುವುದಿಲ್ಲ. ಯಾರ ಮಕ್ಕಳು ಎಂದು ಕೇಳುತ್ತಾರೆ. ನನ್ನ ಹೆಸರು ಹೇಳಬೇಡಿ, ನಿಮ್ಮವ್ವನ ಹೆಸರೂ ಬೇಡ. ನಿಮ್ಮಪ್ಪನ ಹೆಸರು ಹೇಳಿ. ಆಮೇಲೆ ಅವರು ಬೈದರೆ ಬೈಸಿಕೊಳ್ಳಿ. ಅತ್ತರೆ ಸುಮ್ಮನೆ ಕೂತಿರಿ. ಅವರಾಗಿ ಹೋಗಿ ಎನ್ನುವ ತನಕ ಎದ್ದು ಬರಬೇಡಿ.